ಹೊಡೆದುಹಾಕಿದ ಸಾಲು

೪ ಮಾರ್ಚ್ ೧೯೯೧

ಪ್ರೀತಿಯ ಅಕ್ಕನಿಗೆ,

ನಿನ್ನ ಕಾಗದ ಬಂದು ಹತ್ತು ದಿನವಾಯಿತು, ಬೈಯಬೇಡ. ಮನೆ ಬದಲಾಯಿಸುವ ಗಲಾಟೆಯಲ್ಲಿ ಪೆನ್ನು ಯಾವ ಡಬ್ಬದೊಳಗೆ ಸೇರಿಕೊಂಡಿತೋ ಗೊತ್ತಿರಲಿಲ್ಲ. ಈಗ ಇವರ ಮರಗೆಲಸದ ಶೆಡ್ಡಿನ ಮೇಲೆಯೇ ನಮ್ಮ ಎರಡು ಕೋಣೆ. ಹಗಲೆಲ್ಲ ಗರಗಸದ ಸದ್ದು. ಮರದ ಹೊಟ್ಟು ಹಾಲಿನ ಪಾತ್ರೆಯವರೆಗೂ ಹಾರಿ ಬರುತ್ತದೆ. ಆದರೂ ಕಿಟಕಿ ತೆಗೆದೇ ಇಡುತ್ತೇನೆ. ಮೊದಲನೆಯವನ ಮನೆಯಲ್ಲಿ ಕಿಟಕಿ ಮುಚ್ಚಿಕೊಂಡು ಬದುಕಿದ್ದು ಈ ಜನ್ಮಕ್ಕೆ ಸಾಕು.

ನಿನ್ನ ಸಾಸಿವೆಗೆ ಮುಂದಿನ ತಿಂಗಳು ನಾಲ್ಕು ತುಂಬುತ್ತದೆ. ನೀನು ಇಟ್ಟ ಅಡ್ಡಹೆಸರಿಗೆ ತಕ್ಕ ಹಾಗೆ ಸಿಡಿಯುತ್ತಾಳೆ ನನ್ನ ಮಗಳು. ಇವರನ್ನು ‘ಮರದಪ್ಪ’ ಎಂದು ಕರೆಯುತ್ತಾಳೆ. ‘ಬರೀ ಅಪ್ಪ ಅನ್ನೇ’ ಎಂದರೆ, ‘ಬರೀ ಅಪ್ಪ ಬೈತಿದ್ದ, ಮರದಪ್ಪ ಬೈಯಲ್ಲ’ ಎನ್ನುತ್ತಾಳೆ. ಆ ಮನೆ ಬಿಟ್ಟಾಗ ಅವಳಿಗೆ ಎರಡು ವರ್ಷವೂ ತುಂಬಿರಲಿಲ್ಲ. ಯಾರು ಹೇಳಿಕೊಟ್ಟರೋ.

ಈಚೆಗೆ ಒಂದು ಹೊಸ ನಾಟಕ ಶುರುವಾಗಿದೆ. ‘ಕಾಲು ನೋವು, ಎತ್ಕೋ.’ ಶಿಶುವಿಹಾರದ ಗೇಟಿನವರೆಗೂ ಎತ್ತಿಕೊಂಡೇ ಹೋಗಬೇಕು. ಡಾಕ್ಟರು ಮೊಣಕಾಲು ಬಗ್ಗಿಸಿ ನೋಡಿ, ‘ಮಕ್ಕಳು ಬೆಳೆಯೋವಾಗ ಹೀಗೇ, ಬೆಳವಣಿಗೆ ನೋವು’ ಎಂದರು. ಆಗಾಗ ಮೈ ಬೆಚ್ಚಗಾಗುತ್ತದೆ, ಮತ್ತೆ ಇಳಿಯುತ್ತದೆ. ಇವರು ಮಾತ್ರ ‘ಇದು ಬೆಳೆಯೋ ನೋವಲ್ಲ ಕಣೇ, ಮಗು ಹಗುರಾಗ್ತಿದೆ’ ಎನ್ನುತ್ತಾರೆ. ದಿನಕ್ಕೆ ನಾಲ್ಕು ಸಲ ಹೆಗಲ ಮೇಲೆ ಹೊತ್ತು ಮೆರೆಸುವವರಿಗೆ ಹಗುರಾಗದೆ ಇನ್ನೇನು?

ನಿನ್ನ ತಂಗಿ

೧೭ ಮಾರ್ಚ್ ೧೯೯೧

ಪ್ರೀತಿಯ ತಂಗಿ,

ಬೆಳವಣಿಗೆ ನೋವು ಸಾಮಾನ್ಯವಾಗಿ ಸಂಜೆಯ ಮೇಲೆ ಬಂದು ಬೆಳಿಗ್ಗೆ ಹೊತ್ತಿಗೆ ಮಾಯವಾಗುತ್ತದೆ. ಹಗಲೂ ಕುಂಟುತ್ತಿದ್ದರೆ, ಜೊತೆಗೆ ಜ್ವರವಿದ್ದರೆ ಬೇರೆ ಡಾಕ್ಟರಿಗೆ ತೋರಿಸು, ರಕ್ತ ಪರೀಕ್ಷೆ ಮಾಡಿಸು. ಇದು ಅಕ್ಕನ ಮಾತಲ್ಲ, ಹದಿನಾಲ್ಕು ವರ್ಷ ತುರ್ತು ವಾರ್ಡಿನಲ್ಲಿ ನಿಂತು ಕಾಲು ಊದಿಸಿಕೊಂಡ ನರ್ಸಿನ ಮಾತು. ನಿನ್ನ ಯಜಮಾನರ ರೋಗನಿದಾನ ಓದಿ ನಮ್ಮ ಡ್ಯೂಟಿ ರೂಮಿನಲ್ಲಿ ನಕ್ಕೆವು. ಬಡಗಿಗೆ ಮೊಳೆ ಗೊತ್ತು, ಮೂಳೆ ಗೊತ್ತಿಲ್ಲ ಅಂತ ಹೇಳು.

ಅದಿರಲಿ. ಅವನು ನಿನ್ನ ಜೊತೆ, ಮಗುವಿನ ಜೊತೆ ಹೇಗಿದ್ದಾನೆ? ನೀನು ‘ಚೆನ್ನಾಗಿದ್ದಾರೆ’ ಎಂದು ಬರೆಯುತ್ತೀಯ, ಗೊತ್ತು. ಮೊದಲನೆಯವನೂ ನಿನ್ನ ಕಾಗದಗಳಲ್ಲಿ ಚೆನ್ನಾಗಿಯೇ ಇದ್ದ.

ಅಕ್ಕ

೨ ಏಪ್ರಿಲ್ ೧೯೯೧

ಅಕ್ಕ,

ಬೇರೆ ಡಾಕ್ಟರಿಗೆ ತೋರಿಸಿದೆ. ಕೀಲುವಾತ ಇರಬಹುದು, ಚಿಕ್ಕ ಮಕ್ಕಳಿಗೂ ಬರುತ್ತದೆ ಎಂದರು. ರಕ್ತ ಕಡಿಮೆ ಇದೆಯಂತೆ, ಕಬ್ಬಿಣಾಂಶದ ಟಾನಿಕ್ ಕೊಟ್ಟಿದ್ದಾರೆ. ಕುಡಿದರೆ ಹಲ್ಲು ಕಪ್ಪಾಗುತ್ತದೆ ಎಂದು ಇವಳು ಬಾಯಿಯೇ ಬಿಡುವುದಿಲ್ಲ. ಊಟವೂ ಸೇರುತ್ತಿಲ್ಲ. ಇವರು ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲ್ಲಿನಲ್ಲಿ ಎತ್ತರ ಗುರುತು ಹಾಕಿದ್ದರು. ನಿನ್ನೆ ನಿಲ್ಲಿಸಲು ಹೋದರೆ, ‘ನಿಂತ್ಕೊಳ್ಳಲ್ಲ, ಮಲಗಿಸಿ ಅಳೀರಿ’ ಎಂದಳು. ನಮಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಎಡಗಣ್ಣಿನ ಸುತ್ತ ಕಪ್ಪಾಗಿದೆ. ಎಲ್ಲೋ ಬಡಿದುಕೊಂಡಿರಬೇಕು, ನಾನು ನೋಡಲಿಲ್ಲ.

ಮುಂದಿನದು ಹೊಡೆದುಹಾಕಿದ್ದೇನೆ, ಓದಲು ಹೋಗಬೇಡ. ಏನೋ ಬರೆಯಲು ಹೋಗಿ ಏನೋ ಆಯಿತು. ಪೆನ್ನೂ ಸೋರುತ್ತಿದೆ.

ನೀನು ಹೇಗಿದ್ದೀಯ? ಕಾಲಿನ ಊತಕ್ಕೆ ಬಿಸಿನೀರಲ್ಲಿ ಉಪ್ಪು ಹಾಕಿ ಕಾಲಿಟ್ಟುಕೋ.

ತಂಗಿ

೧೧ ಏಪ್ರಿಲ್ ೧೯೯೧

ತಂಗಿ,

ಹೊಡೆದುಹಾಕಿದ ಸಾಲನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ನೀನು ಬೇಡವೆಂದರೂ ನೋಡಿದೆ. ಮೊದಲ ಪದ ‘ಇವರು’. ಕೊನೆಯ ಕಡೆ ‘ಹೊಟ್ಟೆ’. ನಡುವಿನದೆಲ್ಲ ಶಾಯಿಯಲ್ಲಿ ಮುಳುಗಿದೆ.

ಆರು ವರ್ಷದ ಹಿಂದೆ ನೀನು ‘ಬಚ್ಚಲಲ್ಲಿ ಜಾರಿ ಬಿದ್ದೆ’ ಎಂದು ಬರೆದಿದ್ದೆ. ಆಮೇಲೆ ‘ಕಪಾಟಿನ ಬಾಗಿಲು ಬಡಿಯಿತು’. ಎರಡು ವರ್ಷ ನಾನು ನಂಬಿದೆ. ರೋಗಿಗಳ ಸುಳ್ಳನ್ನು ಬಾಗಿಲಲ್ಲೇ ಹಿಡಿಯುವವಳು ಒಡಹುಟ್ಟಿದವಳ ಸುಳ್ಳನ್ನು ಎರಡು ವರ್ಷ ನಂಬಿದೆ. ಕೊನೆಗೆ ನಿನ್ನ ಮುರಿದ ಪಕ್ಕೆಲುಬನ್ನು ಎಕ್ಸ್-ರೇಯಲ್ಲಿ ನೋಡಿದಾಗ ನನಗಾದದ್ದು ಮತ್ತೆ ಆಗುವುದು ಬೇಡ.

ನಾಲ್ಕು ವರ್ಷದ ಮಗುವಿನ ಕಣ್ಣು ಸುಮ್ಮನೆ ಕಪ್ಪಾಗುವುದಿಲ್ಲ. ಕಾಲು ನೋವು, ನಡೆಯಲು ಹೆದರಿಕೆ, ಊಟ ಬೇಡ. ಇಂಥವನ್ನು ನಾನು ಎಷ್ಟು ಸಲ ನೋಡಿಲ್ಲ? ಪಕ್ಕದ ಮನೆಯ ಫೋನಿಗೆ ಕರೆ ಮಾಡಿದರೆ ನೀನು ನಾಲ್ಕು ಜನರೆದುರು ‘ಎಲ್ಲ ಸರಿಯಾಗಿದೆ’ ಎನ್ನುತ್ತೀಯ. ಕಾಗದದಲ್ಲಾದರೂ ನಿಜ ಬರೆ. ಆ ಸಾಲಿನಲ್ಲಿ ಏನಿತ್ತು?

ಅಕ್ಕ

೨೦ ಏಪ್ರಿಲ್ ೧೯೯೧

ಅಕ್ಕ,

ಇವರು ಆ ಮನುಷ್ಯನಲ್ಲ. ಇದನ್ನು ಒಂದೇ ಸಲ ಬರೆಯುತ್ತೇನೆ.

ಆ ಸಾಲಿನಲ್ಲಿ ಏನೂ ಇರಲಿಲ್ಲ. ಹುಚ್ಚು ಮಾತು, ಹೊಡೆದುಹಾಕಿದೆ, ಮುಗಿಯಿತು. ಶಿಶುವಿಹಾರದ ಟೀಚರೂ ಮೊನ್ನೆ ನನ್ನನ್ನು ಮೂಲೆಗೆ ಕರೆದು ‘ಮನೇಲಿ ಎಲ್ಲ ಸರಿ ಇದೆಯಾ?’ ಎಂದು ಕೇಳಿದರು. ನೀವೆಲ್ಲ ಮಾತಾಡಿಕೊಂಡಿದ್ದೀರೇನು? ಹಾವು ಕಚ್ಚಿದವಳು ನಾನು. ಹಗ್ಗ ಕಂಡರೆ ಬೆಚ್ಚಿಬೀಳುತ್ತಿರುವವಳು ನೀನು.

ಕಣ್ಣಿನ ಕಪ್ಪು ಇಳಿಯುತ್ತಿದೆ. ರೆಪ್ಪೆ ಮಾತ್ರ ಊದಿಕೊಂಡಿದೆ, ಒಗ್ಗದ್ದು ಏನೋ ಇರಬೇಕು ಎಂದು ಡಾಕ್ಟರು ಮುಲಾಮು ಕೊಟ್ಟಿದ್ದಾರೆ.

ತಂಗಿ

೨೯ ಏಪ್ರಿಲ್ ೧೯೯೧

ಪ್ರೀತಿಯ ತಂಗಿ,

ನಾನು ಬರೆದದ್ದು ಹೆಚ್ಚಾಯಿತು. ಮರೆತುಬಿಡು. ಅಕ್ಕನಾದವಳಿಗೆ ಬಾಯಿ ಸ್ವಲ್ಪ ಉದ್ದ.

ಸಾಸಿವೆಗೆ ಬಣ್ಣದ ಪೆನ್ಸಿಲ್ ಕಳಿಸಬೇಕೆಂದಿದ್ದೇನೆ. ನಿಮ್ಮ ಹೊಸ ಮನೆಯ ಸಂಖ್ಯೆ ಮೂವತ್ತೊಂದೋ, ಮೂವತ್ತೇಳೋ? ನಿನ್ನ ಅಕ್ಷರದಲ್ಲಿ ಎರಡೂ ಒಂದೇ ಥರ ಕಾಣುತ್ತದೆ. ಅವಳು ಶಿಶುವಿಹಾರದಿಂದ ಎಷ್ಟು ಗಂಟೆಗೆ ಬರುತ್ತಾಳೆ, ಅವನು ಎಷ್ಟು ಹೊತ್ತಿಗೆ ಮನೆಯಲ್ಲಿರುತ್ತಾನೆ, ಅದನ್ನೂ ಬರೆ. ಸುಮ್ಮನೆ ಕೇಳಿದೆ. ನಿಮ್ಮ ದಿನ ಹೇಗೆ ಹೋಗುತ್ತದೆ ಎಂದು ಕಣ್ಣಿಗೆ ಕಟ್ಟಿಕೊಳ್ಳೋಣ ಅಂತ.

ಅಕ್ಕ

೧೪ ಮೇ ೧೯೯೧

ಅಕ್ಕ,

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸರಿಮಾಡಿಕೊಂಡು ಓದು.

ಶುಕ್ರವಾರ ಬೆಳಿಗ್ಗೆ ಮಕ್ಕಳ ರಕ್ಷಣೆಯ ಕಚೇರಿಯಿಂದ ಇಬ್ಬರು ಹೆಂಗಸರು ಬಂದರು, ಜೊತೆಗೆ ಒಬ್ಬ ಪೊಲೀಸು. ಸರಿಯಾಗಿ ಮೂವತ್ತೇಳನೇ ನಂಬರಿಗೇ ಬಂದರು, ಇವರು ಮನೆಯಲ್ಲಿರುವ ಹೊತ್ತಿಗೇ ಬಂದರು. ಯಾರೋ ಕಾಗದ ಬರೆದಿದ್ದಾರೆ. ಯಾರು ಎಂದು ಹೇಳುವುದಿಲ್ಲವಂತೆ. ಟೀಚರೇ ಇರಬೇಕು. ಮಗುವನ್ನು ಆಸ್ಪತ್ರೆಗೆ ಸೇರಿಸಿ ಮೈಯೆಲ್ಲ ಎಕ್ಸ್-ರೇ ತೆಗೆಸಿದರು. ಎರಡೂ ಕಾಲಿನ ಮೂಳೆಗಳ ಮೇಲೆ ಗೆರೆಗೆರೆಯಾಗಿ ಪದರ ಕಾಣುತ್ತದೆ, ಹಳೆಯ ಪೆಟ್ಟು ಕೂಡಿಕೊಂಡ ಗುರುತು ಎಂದರು. ತೋಳಿನಲ್ಲೂ ಒಂದು.

ಇವರು ವಾರ್ಡಿನ ಹತ್ತಿರ ಸುಳಿಯುವಂತಿಲ್ಲ, ಮನೆಗೂ ಬರುವಂತಿಲ್ಲ. ಕೆಲಸದ ಜೊತೆಗಾರನ ಮನೆಯಲ್ಲಿದ್ದಾರೆ. ಅರ್ಧ ಉಜ್ಜಿದ ಹಲಗೆ ಹಾಗೇ ಬಿದ್ದಿದೆ. ಮಗು ‘ಮರದಪ್ಪ ಎಲ್ಲಿ?’ ಎಂದಾಗೆಲ್ಲ ಆ ಹೆಂಗಸರು ಪುಸ್ತಕದಲ್ಲಿ ಏನೋ ಬರೆದುಕೊಳ್ಳುತ್ತಾರೆ.

ಯಾರಿಗೂ ಹೇಳದ ಮಾತೊಂದನ್ನು ನಿನಗೆ ಬರೆಯುತ್ತೇನೆ. ಅವತ್ತು ಇವರು ಮೆಟ್ಟಿಲು ಇಳಿಯುವಾಗ ನಾನು ಇವರ ಕೈ ನೋಡಿದೆ. ದಪ್ಪ ಬೆರಳು, ಉಗುರಲ್ಲಿ ಸರೇಸಿನ ಅಂಟು. ಇಷ್ಟು ದಿನ ಆ ಕೈ ನನಗೆ ಧೈರ್ಯ ಕೊಡುತ್ತಿತ್ತು. ಅವತ್ತು ಹೆದರಿಕೆಯಾಯಿತು.

ನೀನು ಇಂಥದ್ದೆಲ್ಲ ನೋಡಿದವಳು. ಹೇಳು, ಮೂಳೆ ಸುಳ್ಳು ಹೇಳುತ್ತದೆಯೇ?

ತಂಗಿ

೨೩ ಮೇ ೧೯೯೧

ಪ್ರೀತಿಯ ತಂಗಿ,

ಮನುಷ್ಯ ಸುಳ್ಳು ಹೇಳುತ್ತಾನೆ. ಮೂಳೆ ಹೇಳುವುದಿಲ್ಲ.

ಗಟ್ಟಿಯಾಗಿರು. ಅವನು ಬಂದು ಅತ್ತರೂ, ಕಾಲಿಗೆ ಬಿದ್ದರೂ ಬಾಗಿಲು ತೆಗೆಯಬೇಡ. ಮೊದಲನೆಯವನೂ ಅಳುವುದರಲ್ಲಿ ಜಾಣನಾಗಿದ್ದ. ಬರೆದವರು ಯಾರೇ ಇರಲಿ, ಮಗುವಿನ ಒಳ್ಳೆಯದಕ್ಕೇ ಬರೆದಿದ್ದಾರೆ.

ಇಲ್ಲಿ ರಜೆ ಕೊಡುತ್ತಿಲ್ಲ, ಅರ್ಧ ನರ್ಸುಗಳು ಬಿಟ್ಟು ಹೋಗಿದ್ದಾರೆ. ಇಲ್ಲದಿದ್ದರೆ ಎರಡು ದಿನದ ಹಾದಿ ನನಗೆ ಯಾವ ಲೆಕ್ಕ.

ಅಕ್ಕ

೩ ಜೂನ್ ೧೯೯೧

ಅಕ್ಕ,

ಇದನ್ನು ಕುಳಿತು ಓದು.

ಬುಧವಾರ ಬೆಳಿಗ್ಗೆ ನಾನು ವಾರ್ಡಿಗೆ ಹೋದಾಗ ಮಗುವಿನ ಬಲಗಣ್ಣಿನ ಸುತ್ತ ಕಪ್ಪಾಗಿತ್ತು. ಎಡಗಣ್ಣಿನದೂ ಮತ್ತೆ ಎದ್ದಿತ್ತು. ಯಾರೋ ಎರಡೂ ಕಣ್ಣಿಗೆ ಮಸಿ ಬಳಿದ ಹಾಗೆ. ಅವಳು ಆಸ್ಪತ್ರೆಗೆ ಸೇರಿ ಹತ್ತೊಂಬತ್ತು ದಿನವಾಗಿತ್ತು. ಹತ್ತೊಂಬತ್ತು ದಿನದಿಂದ ಇವರು ಅವಳ ಮುಖವನ್ನೇ ನೋಡಿಲ್ಲ.

ಕಚೇರಿಯ ಹೆಂಗಸು ನನ್ನ ಕಡೆ ತಿರುಗಿದಳು. ಅಷ್ಟರಲ್ಲಿ ವಾರ್ಡಿನ ಆಯಾ ಬಕೆಟ್ಟು ಕೆಳಗಿಟ್ಟು ಕೂಗಿದಳು: ‘ಈ ಮಗೂನ ನನ್ ಕಣ್ಣು ತಪ್ಪಿಸಿ ಯಾರೂ ಮುಟ್ಟಿಲ್ಲ. ತಾಯಿ ಬಂದಾಗ್ಲೂ ಇಲ್ಲೇ ನಿಂತಿರ್ತೀನಿ. ಇದಕ್ಕೆ ಯಾರನ್ನ ಜೈಲಿಗೆ ಹಾಕ್ತೀರಿ? ನನ್ನನ್ನಾ?’

ಗದ್ದಲ ಕೇಳಿ ಮಕ್ಕಳ ಡಾಕ್ಟರು ಬಂದರು. ವಯಸ್ಸಾದವರು, ರಜೆ ಮುಗಿಸಿ ಅವತ್ತೇ ಬಂದಿದ್ದರಂತೆ. ಫೈಲು ಮುಚ್ಚಿಟ್ಟು, ‘ಇದರಲ್ಲಿ ಬರೆದಿರೋದು ಆಮೇಲೆ ನೋಡೋಣ, ಮೊದಲು ಮಗೂನ ನೋಡ್ತೀನಿ’ ಎಂದರು. ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡು ಹೊಟ್ಟೆಯ ಮೇಲೆ ಇಟ್ಟರು. ಎಡಪಕ್ಕದಲ್ಲಿ ಕೈ ನಿಂತಿತು. ತುಂಬ ಹೊತ್ತು ನಿಂತಿತು. ‘ಇದನ್ನ ಮೊದಲೇ ಯಾರೂ ಗಮನಿಸಲಿಲ್ಲವಾ?’ ಎಂದು ಕೇಳಿದರು.

ಗಮನಿಸಿದ್ದರು ಅಕ್ಕ. ಇವರು ಮಾರ್ಚಿನಲ್ಲೇ ಗಮನಿಸಿದ್ದರು. ನಾನು ಹೊಡೆದುಹಾಕಿದ ಸಾಲು ಅದೇ. ‘ಇವರು ಎತ್ತಿಕೊಳ್ಳುವಾಗಲೆಲ್ಲ ಹೇಳುತ್ತಾರೆ, ಮರದ ಗಂಟಿನ ಹಾಗೆ ಎಡಗಡೆ ಏನೋ ಗಟ್ಟಿ ಸಿಗುತ್ತದೆ, ಹೊಟ್ಟೆಯಲ್ಲಿ.’ ಬರೆದ ಮೇಲೆ ನಾಚಿಕೆಯಾಯಿತು. ನಿನ್ನ ಡ್ಯೂಟಿ ರೂಮಿನಲ್ಲಿ ಮತ್ತೆ ನಗುತ್ತೀರಿ ಎನಿಸಿತು. ಮೊಳೆ, ಮೂಳೆ ಎಂದು. ಡಾಕ್ಟರಿಗೂ ನಾನು ಹೇಳಲಿಲ್ಲ. ಇವರು ಕಚೇರಿಯಲ್ಲಿ ಕೈಮುಗಿದು ಹೇಳಿದರಂತೆ, ‘ನನ್ನನ್ನ ಏನಾದ್ರೂ ಮಾಡಿ, ಹೊಟ್ಟೆ ಒಂದು ಸಲ ನೋಡಿಸಿ’ ಎಂದು. ಅವರು ಬರೆದುಕೊಂಡದ್ದು, ‘ಹೊಟ್ಟೆಗೆ ಪೆಟ್ಟಾಗಿರುವುದು ಇವನಿಗೆ ತಿಳಿದಿದೆ’ ಎಂದು.

ಸ್ಕ್ಯಾನ್ ಮಾಡಿದರು. ಮೂತ್ರ ಪರೀಕ್ಷೆಯಾಯಿತು. ಸೊಂಟದ ಮೂಳೆಗೆ ಸೂಜಿ ಚುಚ್ಚಿ ಮಜ್ಜೆ ತೆಗೆದರು. ಕ್ಯಾನ್ಸರ್ ಅಕ್ಕ. ಮೂತ್ರಪಿಂಡದ ಮೇಲೆ ಟೋಪಿಯ ಹಾಗೆ ಒಂದು ಗ್ರಂಥಿ ಇರುತ್ತದಂತೆ, ಗಡ್ಡೆ ಹುಟ್ಟಿದ್ದು ಅಲ್ಲಿ. ಅಲ್ಲಿಂದ ಮೂಳೆಗೆ ಹೋಗಿದೆ, ಕಾಲು ನೋವು ಅದೇ, ಎಕ್ಸ್-ರೇಯ ಗೆರೆಗಳೂ ಅವೇ. ಆಮೇಲೆ ಕಣ್ಣಿನ ಗೂಡಿಗೆ. ಒಳಗೆ ರಕ್ತ ಸೋರಿ ಕಣ್ಣ ಸುತ್ತ ಕಪ್ಪಾಗುತ್ತದೆ. ‘ನೋಡಿದವರಿಗೆ ಹೊಡೆದ ಹಾಗೇ ಕಾಣುತ್ತೆ, ಎಷ್ಟೋ ಮನೆಗಳಲ್ಲಿ ಹೀಗಾಗಿದೆ’ ಎಂದರು ಡಾಕ್ಟರು.

‘ಒಂದು ತಿಂಗಳು ಮುಂಚೆ ಬಂದಿದ್ದರೆ?’ ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. ಒರೆಸುತ್ತಲೇ ಇದ್ದರು.

ಎಲ್ಲರೂ ಇವರ ಕೈ ನೋಡಿದರು. ನಾನೂ ನೋಡಿದೆ. ಮಗುವಿನ ಹೊಟ್ಟೆ ಯಾರೂ ನೋಡಲಿಲ್ಲ.

ಆ ಕಾಗದ ಬರೆದವರ ಮನೆ ತಣ್ಣಗಿರಲಿ.

ತಂಗಿ

೧೨ ಜೂನ್ ೧೯೯೧

ತಂಗಿ,

ಕಾಗದ ಬರೆದವಳು ನಾನು.

ಏಪ್ರಿಲ್ ಇಪ್ಪತ್ತಾರಕ್ಕೆ ಬರೆದೆ. ನರ್ಸ್ ಎಂದು, ದೊಡ್ಡಮ್ಮ ಎಂದು ಎರಡೂ ಬರೆದು ಸಹಿ ಹಾಕಿದೆ. ನಂಬಲಿ ಎಂದು. ‘ಹೊಟ್ಟೆಗೆ ಹೊಡೆಯುವುದನ್ನು ತಾಯಿ ಒಪ್ಪಿಕೊಂಡಿದ್ದಾಳೆ’ ಎಂದೂ ಬರೆದೆ. ನೀನು ಒಪ್ಪಿಕೊಂಡಿರಲಿಲ್ಲ. ಶಾಯಿಯೊಳಗೆ ಎರಡು ಪದ ಕಂಡವು, ಉಳಿದದ್ದನ್ನು ನಾನೇ ತುಂಬಿಕೊಂಡೆ. ಮನೆಯ ಸಂಖ್ಯೆ ಕೇಳಿದ್ದು ಪೆನ್ಸಿಲಿಗಲ್ಲ. ನೀನು ಬರೆದು ತಿಳಿಸಿದ್ದನ್ನು ಕಚೇರಿಯವರಿಗೆ ಫೋನಿನಲ್ಲಿ ಹೇಳಿದೆ.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ಹದಿನಾಲ್ಕು ವರ್ಷ ಹೊಡೆಸಿಕೊಂಡವರ ಪೆಟ್ಟು ನೋಡಿ ನೋಡಿ ನನ್ನ ಕಣ್ಣಿಗೆ ಬೇರೆ ಏನೂ ಕಾಣದಾಯಿತು. ರಕ್ತ ಕಡಿಮೆ, ಜ್ವರ, ತೂಕ ಇಳಿದದ್ದು, ಎಲ್ಲವೂ ನಿನ್ನ ಕಾಗದದಲ್ಲೇ ಇತ್ತು. ಓದಿದೆ. ಓದಲಿಲ್ಲ.

ಕ್ಷಮಿಸು ಎಂದು ಬರೆಯಲು ಕೈ ಬರುತ್ತಿಲ್ಲ. ನಿನ್ನ ಯಜಮಾನರಿಗೆ ನಾನೇ ಬರೆಯಲೇ?

ಅಕ್ಕ

೫ ಜುಲೈ ೧೯೯೧

ತಂಗಿ, ಔಷಧಿ ಶುರುವಾಯಿತೇ? ವಾಂತಿ ಹೆಚ್ಚಿದೆಯೇ? ಬಾಯಿ ಹುಣ್ಣಾದರೆ ಬಿಸಿ ಏನೂ ಕೊಡಬೇಡ. ಎರಡು ಸಾಲು ಬರೆ.

೨೮ ಜುಲೈ ೧೯೯೧

ಒಂದು ಸಾಲು ಬರೆ. ಬೈದು ಬರೆ.

೧೯ ಆಗಸ್ಟ್ ೧೯೯೧

ಅಕ್ಕ,

ನಿನ್ನ ಮೂರೂ ಕಾಗದ ಬಂದವು. ಬೈಯಲು ಪದ ಹುಡುಕಿದೆ, ಸಿಗಲಿಲ್ಲ. ಸಿಕ್ಕಿದ್ದರೆ ಅವತ್ತೇ ಬರೆಯುತ್ತಿದ್ದೆ.

ಜೂನಿನಲ್ಲೇ ಇವರನ್ನು ಮಗುವಿನ ಹತ್ತಿರ ಬಿಟ್ಟರು. ಮೂರು ಸುತ್ತು ಔಷಧಿಯಾಯಿತು. ತಲೆಗೂದಲು ಪೂರ್ತಿ ಹೋಗಿದೆ. ‘ಮರದಪ್ಪ ನನ್ನ ತಲೆಗೆ ಉಜ್ಜುಗಾಗದ ಹಾಕಿದ್ದಾರೆ, ನುಣ್ಣಗಾಗಿದೆ’ ಎಂದು ಎಲ್ಲರಿಗೂ ತೋರಿಸುತ್ತಾಳೆ. ಕಣ್ಣಿನ ಕಪ್ಪು ಹೋಯಿತು. ಗಡ್ಡೆ ಅರ್ಧಕ್ಕೆ ಇಳಿದಿದೆ, ಮುಂದಿನ ತಿಂಗಳು ಕೊಯ್ದು ತೆಗೆಯುತ್ತಾರೆ. ಇಷ್ಟು ಹರಡಿದ ಮೇಲೆ ಹತ್ತರಲ್ಲಿ ಇಬ್ಬರು ಮಕ್ಕಳು ಉಳಿಯುತ್ತಾರಂತೆ. ‘ಆ ಇಬ್ಬರಲ್ಲಿ ಇವಳೊಬ್ಬಳು’ ಎನ್ನುತ್ತಾರೆ ಇವರು, ಸೀಟು ಕಾದಿರಿಸಿದವರ ಹಾಗೆ.

ಕಾಗದ ಬರೆದದ್ದು ನೀನೆಂದು ಇವರಿಗೆ ನಾನು ಹೇಳಿಲ್ಲ. ನೀನೂ ಹೇಳಬಾರದು. ಹೇಳಿದರೆ ನಿನ್ನ ಎದೆ ಹಗುರಾಗುತ್ತದೆ, ಇವರದು ಭಾರವಾಗುತ್ತದೆ. ಆ ಅನುಕೂಲ ನಿನಗೆ ಬೇಡ. ಪ್ರತಿ ವಾರವೂ ‘ಅಕ್ಕನ ಕಾಗದ ಬಂತಾ? ಅವರನ್ನ ಕರೆಸು, ನರ್ಸಮ್ಮ ಇದ್ದರೆ ಮಗೂಗೆ ಧೈರ್ಯ’ ಎನ್ನುತ್ತಾರೆ. ಕೇಳಿ ಕೇಳಿ ನನಗೆ ಸಾಕಾಗಿದೆ.

ಆಪರೇಷನ್ನಿಗೆ ಬಾ. ಸೂಜಿ ಚುಚ್ಚುವಾಗ ನನ್ನ ಕೈಯಲ್ಲಿ ಅವಳನ್ನು ಹಿಡಿಯಲಾಗುವುದಿಲ್ಲ. ನೀನು ಹಿಡಿ. ಅಷ್ಟಕ್ಕೆ ಕರೆಯುತ್ತಿದ್ದೇನೆ.

ತಂಗಿ

೩೦ ಅಕ್ಟೋಬರ್ ೧೯೯೧

ಪ್ರೀತಿಯ ತಂಗಿ,

ನಿನ್ನೆ ವಾಪಸು ಇಲ್ಲಿ ಬಂದು ಸೇರಿದೆ. ಒಂದು ವಿಷಯ ಬರೆಯಲೇಬೇಕು. ನಿನ್ನ ಮುಖ ನೋಡಿ ಹೇಳಲಾಗಲಿಲ್ಲ.

ನಿನ್ನ ಯಜಮಾನರಿಗೆ ಹೇಳುವುದಿಲ್ಲ ಎಂದು ನಿನಗೆ ಕೊಟ್ಟ ಮಾತು ಮುರಿದೆ. ಐದು ವಾರ ಆಸ್ಪತ್ರೆಯ ಒಂದೇ ಬೆಂಚಿನ ಮೇಲೆ ಅವರ ಪಕ್ಕ ಕುಳಿತೆ. ಡಬ್ಬಿಯ ಅನ್ನವನ್ನು ಅವರು ನನಗೇ ಹೆಚ್ಚು ಹಾಕುತ್ತಿದ್ದರು. ನನ್ನನ್ನು ಹೊರಡಿಸಲು ನಿಲ್ದಾಣಕ್ಕೆ ಬಂದಾಗ ತಡೆಯಲಾಗಲಿಲ್ಲ. ‘ನಿಮ್ಮ ಹತ್ರ ಒಂದು ಮಾತು ಹೇಳ್ಬೇಕು’ ಎಂದೆ.

‘ಬೇಡ ಬಿಡಿ ಅಕ್ಕಾ, ನಂಗೊತ್ತು’ ಎಂದರು.

‘ಏನು ಗೊತ್ತು?’

‘ಕಚೇರೀಲಿ ಆ ಕಾಗದ ಮೇಜಿನ ಮೇಲೇ ಇತ್ತು. ಹೆಸರು ಮುಚ್ಚಿಟ್ಟಿದ್ರು. ತಲೆಕೆಳಗೆ ಕಂಡ್ರೂ ನಿಮ್ಮ ಅಕ್ಷರ ಗುರುತು ಸಿಗಲ್ವಾ? ತಿಂಗಳಿಗೆರಡು ಸಲ ನಮ್ಮನೆ ಬಾಗಿಲಿಗೆ ಬರುತ್ತಲ್ಲ.’

ಮೇ ತಿಂಗಳಿನಿಂದ ಅವರಿಗೆ ಗೊತ್ತಿತ್ತು ತಂಗಿ. ನಿನಗೆ ಏಕೆ ಹೇಳಲಿಲ್ಲ ಎಂದು ಕೇಳಿದೆ. ‘ತವರು ಅಂತ ಅವಳಿಗಿರೋದು ನೀವೊಬ್ರೇ. ಅದನ್ನೂ ನಾನೇ ಕಿತ್ತುಹಾಕ್ಲಾ?’ ಎಂದರು. ನೀನು ಅವರಿಂದ ಬಚ್ಚಿಟ್ಟೆ, ಅವರು ನಿನ್ನಿಂದ ಬಚ್ಚಿಟ್ಟರು.

ಅಲ್ಲೇ, ಸಾಮಾನಿನ ಗಾಡಿಗಳ ನಡುವೆ, ಅವರ ಕೈ ಹಿಡಿದುಕೊಂಡು ಕ್ಷಮಿಸಿ ಎಂದೆ. ಮೆಲ್ಲಗೆ ಕೈ ಬಿಡಿಸಿಕೊಂಡರು. ‘ಕ್ಷಮಿಸಿಲ್ಲ ಅಕ್ಕಾ, ತಪ್ಪು ತಿಳ್ಕೋಬೇಡಿ. ಈಗ ಸಿಟ್ಟು ಮಾಡ್ಕೊಳ್ಳೋಕೆ ಪುರುಸೊತ್ತಿಲ್ಲ ಅಷ್ಟೇ. ಮಗು ವಾಸಿಯಾಗ್ಲಿ. ಅವತ್ತು ನಿಮ್ಮನ್ನ ಕೂರಿಸ್ಕೊಂಡು ಚೆನ್ನಾಗಿ ಬೈತೀನಿ.’

ಗಡ್ಡೆ ಪೂರ್ತಿ ತೆಗೆದಾಗಿದೆ, ಮಜ್ಜೆಯೂ ಸ್ವಚ್ಛವಿದೆ ಎಂದು ಡಾಕ್ಟರು ಹೇಳಿದ್ದನ್ನು ದಿನಕ್ಕೆ ಹತ್ತು ಸಲ ನೆನೆಯುತ್ತೇನೆ. ಆ ಬೈಗುಳ ಕೇಳುವ ದಿನ ಬರಲಿ. ಬೇರೆ ಏನೂ ಬೇಡ.

ಅಕ್ಕ

೧೧ ಫೆಬ್ರವರಿ ೧೯೯೨

ಅಕ್ಕ,

ಜನವರಿಯಲ್ಲಿ ಸಾಸಿವೆ ಶೆಡ್ಡಿನ ತುಂಬ ಓಡಾಡುತ್ತಿದ್ದಳು. ತಲೆಯ ಮೇಲೆ ಒಂದು ಬೆರಳಿನಷ್ಟು ಕೂದಲು ಬಂದಿತ್ತು. ಹೋದ ವಾರದ ಸೋಮವಾರ ಎದ್ದವಳು ‘ಎತ್ಕೋ’ ಎಂದಳು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಇವರು ಎತ್ತಿಕೊಂಡರು.

ಶನಿವಾರ ಡಾಕ್ಟರು ಕರೆಸಿ ಕೂರಿಸಿದರು. ಮಜ್ಜೆಗೆ ಮರಳಿ ಬಂದಿದೆ, ತಲೆಬುರುಡೆಗೂ. ಇನ್ನು ಆ ಔಷಧಿ ಬೇಡ, ಮಗುವಿಗೆ ನೋವಾಗದ ಹಾಗೆ ನೋಡಿಕೊಳ್ಳೋಣ ಎಂದರು. ಎಷ್ಟು ದಿನ ಎಂದು ನಾನು ಕೇಳಲಿಲ್ಲ. ಇವರು ಕೇಳಿದರು. ಆರು ವಾರ, ಎಂಟು ವಾರ.

ಮನೆಗೆ ಕರೆದುಕೊಂಡು ಬಂದಿದ್ದೇವೆ. ಕಿಟಕಿಯ ಹತ್ತಿರ ಮಂಚ ಹಾಕಿದ್ದಾರೆ, ಕೆಳಗೆ ಕೆಲಸ ಮಾಡುವುದು ಅವಳಿಗೆ ಕಾಣಲಿ ಎಂದು. ಗರಗಸ ನಿಂತರೆ ‘ಮರದಪ್ಪ, ಯಾಕೆ ನಿಲ್ಸಿದ್ದು?’ ಎಂದು ಕೂಗುತ್ತಾಳೆ. ಅದಕ್ಕೇ ಇವರು ನಿಲ್ಲಿಸುವುದಿಲ್ಲ. ಯಾವ ಕೆಲಸವೂ ಇಲ್ಲದೆ ಸುಮ್ಮನೆ ಹಲಗೆ ಕೊಯ್ಯುತ್ತಿರುತ್ತಾರೆ.

ನಿನಗೆ ಬರೆಯುತ್ತೇನೆ ಎಂದೆ. ಇವರು, ‘ಬೈಯೋ ದಿನ ಬರಲ್ಲ ಅಂತ ಅಕ್ಕಂಗೆ ಬರಿ. ಬಂದ್ಬಿಡೋಕೆ ಹೇಳು’ ಎಂದರು.

ನೋವು ಇಳಿಸುವ ಸೂಜಿ ಹಾಕುವುದನ್ನು ನನಗೆ ಹೇಳಿಕೊಟ್ಟಿದ್ದಾರೆ, ಕೈ ಓಡುತ್ತಿಲ್ಲ. ರಜೆ ಕೇಳಬೇಡ. ಹೊರಟು ಬಾ.

ತಂಗಿ